ಕರ್ತೃವಿನ ಹೆಸರು ಕೇಳಬೇಡಿ

ಸಿಂಗಪುರದಲ್ಲಿ ಮನುಷ್ಯರಿಗಿಂತ ಬೇಗ ಪುಸ್ತಕಗಳು ದಪ್ಪಗಾಗುತ್ತವೆ. ಮನುಷ್ಯರು ದಪ್ಪಗಾಗುವುದಕ್ಕೆ ಹಾಕರ್ ಸೆಂಟರಿನ ಊಟ, ಎಲ್ಲಿ ನೋಡಿದರಲ್ಲಿ ಎಸ್ಕಲೇಟರು, ಮಧ್ಯಾಹ್ನದ ನಿದ್ದೆ ಇವೇ ಮುಂತಾದ ಕಾರಣಗಳನ್ನು ನನ್ನ ದೇಹದ ಮೇಲೆಯೇ ಪ್ರಯೋಗಿಸಿ ದೃಢಪಡಿಸಿಕೊಂಡಿದ್ದೇನೆ. ಪುಸ್ತಕಗಳು ಮಾತ್ರ ಏನನ್ನೂ ತಿನ್ನದೆ ಬರಿಯ ಗಾಳಿ ಕುಡಿದೇ ಊದಿಕೊಳ್ಳುತ್ತವೆ. ಹುಬ್ಬಳ್ಳಿಯಿಂದ ಸೂಟ್‌ಕೇಸಿನಲ್ಲಿ ತಂದ ಕೃಶಕಾಯದ ಕವನಸಂಕಲನವೊಂದು ಇಲ್ಲಿಗೆ ಬಂದ ವರ್ಷದೊಳಗೆ ಮಹಾಕಾವ್ಯದ ಗಾತ್ರಕ್ಕೆ ಬೆಳೆದು, ಕವಿ ಕಂಡಿದ್ದರೆ ಅವನಿಗೇ ಗುರುತು ಸಿಗದಂತಾಗಿತ್ತು. ಈ ಊರಿನ ಗಾಳಿಯಲ್ಲಿ ಅರ್ಧ ಸಮುದ್ರವಿದೆ. ಅದು ಯಾವಾಗ ಬೀರುವಿನೊಳಗೆ ಬಂತು, ಯಾವ ಪುಟದಲ್ಲಿ ಕೂತಿತು ಎಂದು ಯಾರಿಗೂ ತಿಳಿಯುವುದಿಲ್ಲ.

ನಾನು ಹೇಳಹೊರಟಿರುವುದೂ ಹೀಗೆ ಸದ್ದಿಲ್ಲದೆ ಒಳಗೆ ಬಂದದ್ದರ ಸಂಗತಿಯೇ.

ಆಗ ನಾವು ಟ್ಯಾಂಪಿನೀಸಿನಲ್ಲಿ ಬಾಡಿಗೆಗಿದ್ದೆವು. ಡೌನ್‌ಟೌನ್ ಲೈನಿನ ಮೆಟ್ರೋ ರೈಲು ಇನ್ನೂ ಅಲ್ಲಿಯವರೆಗೆ ಬಂದಿರಲಿಲ್ಲ. ಗಂಡ ಬಸವರಾಜನಿಗೆ ಚಾಂಗಿ ಕಡೆಯ ಆಫೀಸಿನಲ್ಲಿ ಕೆಲಸ. ಊರಲ್ಲಿ ಕಾಲೇಜಿನ ಹುಡುಗಿಯರಿಗೆ ಸಾಹಿತ್ಯ ಚರಿತ್ರೆ ಹೇಳಿ ನಿದ್ದೆ ಬರಿಸುತ್ತಿದ್ದ ನಾನು ಇಲ್ಲಿ ಡಿಪೆಂಡೆಂಟ್ ಪಾಸಿನವಳು, ಅಂದರೆ ಸರ್ಕಾರವೇ ಮುದ್ರೆಯೊತ್ತಿ ಮಾನ್ಯ ಮಾಡಿದ ಪರಾವಲಂಬಿ. ಪಕ್ಕದ ಮನೆಯಲ್ಲಿ ಟೆಸ್ ಎಂಬ ಫಿಲಿಪ್ಪೀನ್ಸಿನ ಹೆಂಗಸಿದ್ದಳು. ಪಾಸಿರ್ ಪಂಜಾಂಗಿನ ಹಡಗು ಕಚೇರಿಯೊಂದರಲ್ಲಿ ಕೆಲಸ, ಮದುವೆಯಿಲ್ಲ, ಜೊತೆಗೆ ತಾಯಿ. ಆ ತಾಯಿ ತಮ್ಮ ದ್ವೀಪದ ಸಣ್ಣ ಊರಿನ ಹೈಸ್ಕೂಲಿನಲ್ಲಿ ವೃತ್ತಿಜೀವನವಿಡೀ ಸಾಹಿತ್ಯ ಕಲಿಸಿ ನಿವೃತ್ತರಾದವರು. ಈಗ ಅವರಿಗೆ ಮರೆವಿನ ಕಾಯಿಲೆ. ಬೆಳಗ್ಗೆ ವೃದ್ಧರ ಡೇ ಕೇರಿಗೆ ಹೋಗಿ ಮಧ್ಯಾಹ್ನ ವ್ಯಾನಿನಲ್ಲಿ ವಾಪಸಾಗುತ್ತಿದ್ದರು. ಟೆಸ್ ಬರುವುದು ಸಂಜೆಗೆ. ನಡುವಿನ ಆ ಹೊತ್ತು ತಾಯಿಯ ಜೊತೆ ಯಾರಾದರೂ ಕೂರಬೇಕಿತ್ತು, ಮತ್ತು ಆ ಇಡೀ ಬ್ಲಾಕಿನಲ್ಲಿ ಕೂರುವುದನ್ನೇ ಕಸುಬು ಮಾಡಿಕೊಂಡಿದ್ದವಳು ನಾನೊಬ್ಬಳೇ.

ಮೊದಲ ದಿನ 'ಆಂಟಿ' ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಕ್ಲಾಸಿನಲ್ಲಿ ಮ್ಯಾಡಮ್ ಅನ್ನಬೇಕು, ರೊಸಾರಿಯೊ. ಉತ್ತರ ಹೇಳುವಾಗ ಎದ್ದು ನಿಲ್ಲಬೇಕು," ಎಂದು ಇಂಗ್ಲಿಷಿನಲ್ಲಿ ಗದರಿದರು. ರೊಸಾರಿಯೊ ಯಾರೋ, ಪಾಪ, ಯಾವ ಬೆಂಚಿನಲ್ಲಿ ಕೂತು ಬೈಸಿಕೊಳ್ಳುತ್ತಿದ್ದಳೋ. ಅವಳ ಹೆಸರನ್ನೂ ಅವಳ ದಡ್ಡತನವನ್ನೂ ಆವತ್ತಿನಿಂದ ನಾನು ಧರಿಸಿದೆ. ಸಲ್ವಾರ್ ಕಮೀಜಿನ ನಡುವಯಸ್ಸಿನ ರೊಸಾರಿಯೊ ಬೆತ್ತದ ಸೋಫಾದಿಂದ ಎದ್ದೆದ್ದು ನಿಂತು "ಎಸ್ ಮ್ಯಾಡಮ್" ಎನ್ನುವುದನ್ನು ಕಾರಿಡಾರಿನಲ್ಲಿ ಹೋಗುವವರು ಕಿಟಕಿಯಿಂದ ನೋಡಿ ನಗುತ್ತಿದ್ದರು. ನನ್ನ ಮೊಣಕಾಲುಗಳು ಮಾತ್ರ ನಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮ್ಯಾಡಮ್ ಪಾಠ ಮಾಡದೆ ತಮ್ಮ ಗಂಡನ ವಿಷಯ ಹೇಳಿದರು. ಗಂಡ ಮೀನು ಹಿಡಿಯಲು ಹೋದವನು ಬಿರುಗಾಳಿಗೆ ಸಿಕ್ಕಿ ಹಿಂದಿರುಗಲಿಲ್ಲವಂತೆ. ಊರವರು ಬಂದು ಪ್ರಾರ್ಥನೆಯ ದಿನಗಳನ್ನೆಲ್ಲ ಮುಗಿಸಿ ಹೋದ ಮೇಲೆ, ಹಾಡುಹಗಲಲ್ಲಿ ಅವನು ಬಾಗಿಲು ದೂಡಿಕೊಂಡು ಬಂದು ತನ್ನ ಕುರ್ಚಿಯಲ್ಲಿ ಕೂತನಂತೆ. ಮಾತಿಲ್ಲ. ಇಕ್ಕಿದ ಅನ್ನ ತಿಂದ. ಕುರ್ಚಿಯ ಕೆಳಗೆ ನೀರು ನಿಂತಿತ್ತು. "ನಾನು ಅವನ ಪಾದ ನೋಡಲಿಲ್ಲ," ಎಂದರು ಮ್ಯಾಡಮ್, ಏನೋ ಜಾಣತನದ ಕೆಲಸ ಮಾಡಿದವರ ಹಾಗೆ. "ಹೆಸರು ಹಿಡಿದೂ ಕರೆಯಲಿಲ್ಲ. ಹೆಸರು ಹೇಳಿದರೆ ಎದ್ದು ಹೋಗ್ತಾರೆ. ದಿನಾ ಬರ್ತಿದ್ದ, ದಿನಾ ಬಡಿಸ್ತಿದ್ದೆ, ದಿನಾ ನೆಲ ಒರೆಸ್ತಿದ್ದೆ."

ಹೊರಗೆ ಸುಡುಬಿಸಿಲು. ಕೆಳಗೆ ಕಟ್ಟಡದ ಬುಡದ ಖಾಲಿ ಜಾಗದಲ್ಲಿ, ಇಲ್ಲಿಯವರ ವಾಯ್ಡ್ ಡೆಕ್ಕಿನಲ್ಲಿ, ಯಾರೋ ಮಕ್ಕಳು ಚೆಂಡು ಒದೆಯುವ ಸದ್ದು. ಆದರೂ ನನ್ನ ತೋಳಿನ ರೋಮಗಳು ಎದ್ದು ನಿಂತವು, ಅವುಗಳಿಗೂ ಮ್ಯಾಡಮ್ಮೇ ಪ್ರಶ್ನೆ ಕೇಳಿದಂತೆ.

ಮರುದಿನ ಲಿಫ್ಟಿನ ಬಳಿ ಸಿಕ್ಕ ಟೆಸ್‌ಗೆ, ನಿಮ್ಮ ತಂದೆ ಸಮುದ್ರದಲ್ಲಿ ಹೋದ ವಿಷಯ ಕೇಳಿ ದುಃಖವಾಯಿತು ಎಂದೆ. ಅವಳು ಬಂದ ಲಿಫ್ಟನ್ನು ಹೋಗಲು ಬಿಟ್ಟು ನನ್ನತ್ತ ತಿರುಗಿದಳು.

"ನಮ್ಮಪ್ಪನಿಗೆ ನೀರು ಅಂದರೆ ಭಯ. ದೋಣಿ ಹತ್ತಿದವರೇ ಅಲ್ಲ. ಮಾರ್ಕೆಟಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಸಕ್ಕರೆ ಕಾಯಿಲೆಯಲ್ಲಿ, ಹಾಸಿಗೆಯಲ್ಲಿ, ನನ್ನ ಕೈ ಹಿಡಕೊಂಡು ಸತ್ತರು."

ಸಂಜೆ ಅವಳೇ ಒಂದು ಪುಸ್ತಕ ತಂದುಕೊಟ್ಟಳು. ಅವರ ದೇಶದ ಶ್ರೇಷ್ಠ ಕಥೆಗಳ ಸಂಕಲನ. ಶಾಲೆಗೆ ಹೋದ ಪ್ರತಿಯೊಬ್ಬರೂ ಓದಲೇಬೇಕಾದದ್ದು. ಆ ದೇಶದ ಹಿರಿಯರು ಮೊದಲು ಸ್ಪ್ಯಾನಿಷಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಈ ನಡುವೆ ತಮ್ಮದೇ ನುಡಿಗಳಲ್ಲಿ ಬರೆದವರು. ಆಳುವವರು ಬದಲಾದಂತೆ ಕಥೆಗಳು ಅಂಗಿ ಬದಲಿಸಿಕೊಂಡು ದಾಟಿ ಬಂದಿವೆ. ಟೆಸ್ ಪುಟ ತಿರುವಿ ತೋರಿಸಿದಳು. ಮೀನುಗಾರ, ಬಿರುಗಾಳಿ, ಕುರ್ಚಿ, ನೀರು. ಮ್ಯಾಡಮ್ ಹೇಳಿದ ಮಾತುಗಳು ಅಲ್ಲಿ ಅಚ್ಚಾಗಿ ಕೂತಿದ್ದವು. ಕಥೆಯ ಕೊನೆಯಲ್ಲಿ ಮಗುವೊಂದು ಮರೆತು ಅಪ್ಪನನ್ನು ಹೆಸರು ಹಿಡಿದು ಕೂಗಿಬಿಡುತ್ತದೆ, ಕುರ್ಚಿ ಬರಿದಾಗುತ್ತದೆ.

"ಜೀವನವಿಡೀ ಈ ಕಥೆ ಪಾಠ ಮಾಡಿದಳು," ಎಂದಳು ಟೆಸ್. "ಈಗ ಅಪ್ಪನ ಫೋಟೋ ತೋರಿಸಿದರೆ ಯಾರಿದು ಅಂತಾಳೆ. ಹೆಸರು ಹೇಳಿದರೆ ಕಿವಿ ಮುಚ್ಕೋತಾಳೆ. ಅಪ್ಪನನ್ನ ಸಕ್ಕರೆ ಕಾಯಿಲೆ ಸಾಯಿಸಿತು ಅಂದ್ಕೊಂಡಿದ್ದೆ. ಅಲ್ಲ, ಈ ಕಥೆಗಾರ ಸಾಯಿಸಿದ."

ನಾನು ವರ್ಷಗಟ್ಟಲೆ 'ಸಾಹಿತ್ಯದ ಚಿರಂತನತೆ' ಎಂಬ ವಿಷಯದ ಮೇಲೆ ಪ್ರಶ್ನೆಪತ್ರಿಕೆ ತೆಗೆದವಳು. ಉತ್ತಮ ಸಾಹಿತ್ಯ ಕಾಲಾತೀತ, ದೇಶಾತೀತ ಎಂದು ಬರೆದವರಿಗೆ ಧಾರಾಳವಾಗಿ ಅಂಕ ಕೊಟ್ಟಿದ್ದೇನೆ. ಅದು ಬಾಳುವುದಕ್ಕೆ ಒಂದು ಮನೆ ಬೇಕು, ಆ ಮನೆಯಲ್ಲಿ ಮೊದಲೇ ಇದ್ದವರನ್ನು ಅದು ಹೊರಗೆ ಹಾಕಲೂಬಹುದು ಎಂದು ಯಾವ ವಿದ್ಯಾರ್ಥಿನಿಯೂ ಬರೆದಿರಲಿಲ್ಲ; ಬರೆದಿದ್ದರೆ ವಿಷಯಾಂತರವೆಂದು ಕೆಂಪು ಗೆರೆ ಎಳೆದಿರುತ್ತಿದ್ದೆ.

ಆ ವಾರ ಮಧ್ಯಾಹ್ನವೇ ಕತ್ತಲು ಕವಿದು ಜೋರು ಮಳೆ ಬಂತು. ನಾನು ಅಡುಗೆಮನೆಯಲ್ಲಿ ಟೀ ಮಾಡಿ ಹೊರಗೆ ಬಂದಾಗ ಮ್ಯಾಡಮ್ ಊಟದ ಮೇಜಿನ ಮೇಲೆ ತಟ್ಟೆಯಿಟ್ಟು, ಬೆಳಗಿನ ಅನ್ನವನ್ನು ಅಚ್ಚುಕಟ್ಟಾಗಿ ಬಡಿಸಿ, ಎದುರಿನ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದಿದ್ದರು. ಆ ಕುರ್ಚಿಯ ಕೆಳಗೆ ನೀರಿತ್ತು. ಕಿಟಕಿಗಳನ್ನು ನಾನೇ ಮುಚ್ಚಿದ್ದೆ. ಏಸಿ ಇದ್ದದ್ದು ಆಚೆ ಗೋಡೆಗೆ. ಲೋಟ ಉರುಳಿರಬೇಕು ಎಂದುಕೊಂಡು ನೋಡಿದರೆ ಮೇಜಿನ ಮೇಲೆ ಲೋಟವೇ ಇರಲಿಲ್ಲ. ನೀರು ಸಣ್ಣಗೆ ಹರಡುತ್ತಿತ್ತು.

"ಬಟ್ಟೆ ತಗೊಂಡು ಒರೆಸು, ರೊಸಾರಿಯೊ," ಎಂದರು ಮ್ಯಾಡಮ್, ಪಿಸುದನಿಯಲ್ಲಿ. "ತಲೆ ಎತ್ತಬೇಡ."

ಒರೆಸಿದೆ. ತಲೆ ಎತ್ತಲಿಲ್ಲ. ವಿಚಾರವಾದದ ಮೇಲೆ ನಾನು ಮಾಡಿದ ಭಾಷಣಗಳೆಲ್ಲ ನೆನಪಿದ್ದವು. ಅವುಗಳಲ್ಲಿ ಒಂದೂ ನನ್ನ ಕುತ್ತಿಗೆಯನ್ನು ಮೇಲೆತ್ತುವಷ್ಟು ಬಲವಾಗಿರಲಿಲ್ಲ. ಬಟ್ಟೆ ಹಿಂಡುವಾಗ ಕೈಗೆ ಅಂಟಿದ್ದನ್ನು ನಾಲಿಗೆಗೆ ತಾಗಿಸಿ ನೋಡಬೇಕೆನ್ನಿಸಿತು, ಉಪ್ಪಿದೆಯೋ ಇಲ್ಲವೋ ಎಂದು. ಧೈರ್ಯವಾಗಲಿಲ್ಲ, ತೊಳೆದುಕೊಂಡೆ.

ರಾತ್ರಿ ಊಟಕ್ಕೆ ಕೂತ ಬಸವರಾಜನಿಗೆ ಹೇಳಿದರೆ ಅವನು, "ನಾಳಿಂದ ಆ ಮನೀಗೆ ಹೋಗಬ್ಯಾಡ ನೀ. ಲಿಟಲ್ ಇಂಡಿಯಾಕ್ಕ ಹೋಗಿ ದೇವರಿಗೆ ಕೈಮುಗದು, ದೋಸೆ ತಿಂದು ಬಾ," ಎಂದ. ದೇವರಿಗೂ ಹೋದೆ, ದೋಸೆಗೂ ಹೋದೆ. ಆದರೆ ಮರುದಿನ ಮಧ್ಯಾಹ್ನ ವ್ಯಾನು ಬರುವ ಹೊತ್ತಿಗೆ ಮತ್ತೆ ಕೆಳಗಿಳಿದು ನಿಂತಿದ್ದೆ. ಹೆದರಿಕೆಗೂ ಒಂದು ಸೆಳೆತವಿದೆ. ಜೊತೆಗೆ, ಅರ್ಧ ಬಿಟ್ಟ ಪಾಠದ ಚಡಪಡಿಕೆ ನಮ್ಮಂಥ ಮೇಷ್ಟರ ಜಾತಿಯವರಿಗೆ ಚೆನ್ನಾಗಿ ಗೊತ್ತು.

ಅದಾದ ಮೇಲೆ ಮ್ಯಾಡಮ್ ಹೇಳುತ್ತಿದ್ದ ಪ್ರತಿಯೊಂದನ್ನೂ ನಾನು ಮನೆಗೆ ಬಂದು ಆ ಸಂಕಲನದಲ್ಲಿ ಹುಡುಕತೊಡಗಿದೆ. ಅವರ ಅಕ್ಕ ಚರ್ಚಿನ ಗಂಟೆಯೊಳಗೆ ಬಚ್ಚಿಟ್ಟುಕೊಂಡದ್ದು ಸಿಕ್ಕಿತು. ಅವರ ಅಜ್ಜ ಕೊನೆಯ ಎಮ್ಮೆಯ ಜೊತೆ ಬೆಟ್ಟ ಹತ್ತಿದ್ದು ಸಿಕ್ಕಿತು. ಅವರ ಬದುಕೆಂದು ನಾನು ಕೇಳಿದ್ದೆಲ್ಲ ಬೇರೆ ಬೇರೆ ಮಹನೀಯರ ಕೃತಿಗಳು. ಟೆಸ್ ಹೇಳುವಂತೆ ಆ ಮಹನೀಯರ ಹೆಸರು ಅವಳ ದೇಶದಲ್ಲಿ ರಸ್ತೆಗಳಿಗಿದೆ, ಶಾಲೆಗಳಿಗಿದೆ, ಪಾರ್ಕಿನ ಪ್ರತಿಮೆಗಳಿಗಿದೆ. ಜನ ಆ ಹೆಸರುಗಳನ್ನು ಹೇಳಿ ಜೀಪ್ನಿ ಎಂಬ ಅಲ್ಲಿನ ಪುಟ್ಟ ಬಸ್ಸು ನಿಲ್ಲಿಸಿ ಇಳಿಯುತ್ತಾರೆ. ಮ್ಯಾಡಮ್ಮಿಗೆ ಅವುಗಳಲ್ಲಿ ಒಂದು ಹೆಸರೂ ನೆನಪಿರಲಿಲ್ಲ. ಬರೆದವರು ಅಳಿಸಿಹೋಗಿ ಬರೆದದ್ದು ಅವರ ರಕ್ತದಲ್ಲಿ ಕಲೆತುಹೋಗಿತ್ತು. ಪ್ರತಿಮೆಯಾಗಿ ಉಳಿಯುವುದು ಒಂದು ಬಗೆ; ಹೀಗೆ ವಾರಸುದಾರರಿಲ್ಲದೆ ಉಳಿಯುವುದು ಇನ್ನೊಂದು ಬಗೆ. ಇದರಲ್ಲಿ ಯಾವುದು ದೊಡ್ಡದೆಂದು ಹೇಳುವ ವಿಮರ್ಶಕಿ ನನ್ನೊಳಗೆ ಇದ್ದಳು. ಆ ಮನೆಯಲ್ಲಿ ಅವಳು ಬಾಯಿ ಬಿಡುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಮ್ಯಾಡಮ್ ಹೊಸ ಪಾಠ ಶುರು ಮಾಡಿದರು. ಒಬ್ಬ ರೇಡಿಯೋ ರಿಪೇರಿಯವನು. ಬಿರುಗಾಳಿಯ ಒಂದು ಸಂಜೆ ಊರಿನ ದೋಣಿಗಳು ಸಮುದ್ರದಲ್ಲಿವೆ, ಕರೆಂಟಿಲ್ಲ. ಸುದ್ದಿ ಸಿಕ್ಕೀತೇ ಎಂದು ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಅವನ ಅಂಗಡಿಯ ಮುಂದೆ ನಿಂತಿದ್ದಾರೆ. ಅವನ ಬ್ಯಾಟರಿ ರೇಡಿಯೋ ಬರೀ ಗರಗರ ಅನ್ನುತ್ತಿದೆ. ಅವನು ಹಲಗೆಯ ಹಿಂದೆ ಕೂತು, ವಾರ್ತೆ ಓದುವವರ ದನಿಯನ್ನು ಅನುಕರಿಸಿ ತಾನೇ ಹೇಳುತ್ತಾನೆ: ದೋಣಿಗಳೆಲ್ಲ ಪಕ್ಕದ ದ್ವೀಪ ಸೇರಿವೆ, ಎಲ್ಲರೂ ಕ್ಷೇಮ. ಹೆಂಗಸರು ಮನೆಗೆ ಹೋಗಿ ಮಲಗುತ್ತಾರೆ. ಬೆಳಗಾದಾಗ ಕೆಲವು ದೋಣಿಗಳು ಬರುತ್ತವೆ, ಕೆಲವು ಬರುವುದಿಲ್ಲ. ಗಂಡ ಬಾರದ ಒಬ್ಬಳು ಅಂಗಡಿಗೆ ಬಂದು, ಅವನು ಹೊಡೆಸಿಕೊಳ್ಳಲು ತಯಾರಾಗಿ ನಿಂತರೆ, 'ಆ ಒಂದು ರಾತ್ರಿ ನಿದ್ದೆ ಮಾಡಿದೆ' ಎಂದಷ್ಟೇ ಹೇಳಿ ಹೋಗುತ್ತಾಳೆ. ಅವನು ಆಮೇಲೆ ತನಗಾಗಿ ರೇಡಿಯೋ ಹಚ್ಚಲೇ ಇಲ್ಲ. ರಿಪೇರಿ ಮಾಡಿದ್ದನ್ನು ಕಿವಿಗೆ ಒತ್ತಿ, ಸಣ್ಣ ದನಿಯಲ್ಲಿ ಪರೀಕ್ಷಿಸಿ, ಆರಿಸಿಬಿಡುತ್ತಿದ್ದ.

"ಇದು ಪರೀಕ್ಷೆಗೆ ಬರುತ್ತೆ," ಎಂದರು ಮ್ಯಾಡಮ್.

ಸಂಕಲನವನ್ನು ಮೊದಲ ಪುಟದಿಂದ ಕೊನೆಯವರೆಗೆ ತಿರುವಿದೆ, ಸಿಗಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಆ ದೇಶದ ಸಾಹಿತ್ಯದ ಕಪಾಟನ್ನೇ ಜಾಲಾಡಿದೆ, ಇಲ್ಲ. ಕೊನೆಗೆ ಎದ್ದು ನಿಂತು ಕೇಳಿದೆ: "ಮ್ಯಾಡಮ್, ರೇಡಿಯೋದ ಕಥೆ ಬರೆದವರು ಯಾರು?"

ಮ್ಯಾಡಮ್ಮಿನ ಮುಖದಲ್ಲಿ ಅದುವರೆಗೆ ನಾನು ಕಾಣದ ಗಾಬರಿ ಕಂಡಿತು. ತುಟಿಯ ಮೇಲೆ ಬೆರಳಿಟ್ಟು, ಎದುರಿನ ಕುರ್ಚಿಯತ್ತ ಕಣ್ಣು ಹೊರಳಿಸಿ, "ಕೇಳಬೇಡ. ಹೆಸರು ಹೇಳಿದರೆ ಎದ್ದು ಹೋಗ್ತಾರೆ ಅಂತ ಕಲಿಸಿಲ್ವಾ ನಿನಗೆ?" ಎಂದರು.

ಆ ಸಂಜೆ ಟೆಸ್ ಚಪ್ಪಲಿ ಬಿಚ್ಚುವ ಮೊದಲೇ ಬಾಗಿಲಲ್ಲಿ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಅವಳು ಗೋಡೆಗೆ ಒರಗಿದಳು. ಅವಳ ಅಪ್ಪ ಮನೆಯಲ್ಲಿ ಎಂದೂ ರೇಡಿಯೋ ಹಾಕುತ್ತಿರಲಿಲ್ಲವಂತೆ. ಸಿಹಿ ಅಂಗಡಿಯವರು ಸಿಹಿ ತಿನ್ನದ ಹಾಗೆ ಎಂದು ಇವಳು ತಿಳಿದಿದ್ದಳು. ಅಪ್ಪ ಸತ್ತಾಗ ಪರಿಚಯವಿಲ್ಲದ ಮುದುಕಿಯೊಬ್ಬಳು ಬಂದು ದಿನವಿಡೀ ಮೂಲೆಯಲ್ಲಿ ಕೂತಿದ್ದಳು. ಯಾರೆಂದು ಕೇಳಿದರೆ ಅಮ್ಮ ಹೇಳಿರಲಿಲ್ಲ.

"ನಾನು ದಿನಾ ಅಪ್ಪನ ಹೆಸರು ಹೇಳ್ತಿದ್ದೆ, ನೆನಪಾಗಲಿ ಅಂತ," ಎಂದಳು ಟೆಸ್. "ಪ್ರತಿ ಸಲ ಹೇಳಿದಾಗಲೂ ಅವಳ ಎದುರಿಂದ ಅವರನ್ನ ಎಬ್ಬಿಸಿ ಕಳಿಸ್ತಿದ್ದೆ ಅನ್ಸುತ್ತೆ."

ಅಮ್ಮ ಮರೆತಿರಲಿಲ್ಲ. ಮರೆವಿನ ಪ್ರವಾಹದಲ್ಲಿ ಯಾವುದು ಕೊಚ್ಚಿಹೋಗುವುದಿಲ್ಲ ಎಂದು ಜೀವಮಾನದ ಅನುಭವದಿಂದ ಬಲ್ಲ ಆ ಶಿಕ್ಷಕಿ, ಗಂಡನನ್ನು ಒಯ್ದು ಆ ಜಾಗದಲ್ಲಿ, ತಮ್ಮ ದೇಶದ ಮಹಾ ಲೇಖಕರ ಸಾಲಿನಲ್ಲಿ, ಪಠ್ಯಕ್ರಮದೊಳಗೆ ಕೂರಿಸಿದ್ದರು. ನಮ್ಮ ವಿಶ್ವವಿದ್ಯಾಲಯದ ಯಾವ ಮಂಡಳಿಯೂ ಅಷ್ಟು ಎಚ್ಚರದಿಂದ ಒಂದು ಪಾಠವನ್ನು ಆರಿಸಿದ್ದನ್ನು ನಾನು ಕಂಡಿಲ್ಲ.

ಮರುದಿನ ಟೆಸ್ ರಜೆ ಹಾಕಿದಳು. ಮಧ್ಯಾಹ್ನ ನಾನು ಸೋಫಾದ ತುದಿಯಲ್ಲಿ ಕೂತಿದ್ದೆ. ಅವಳು ನನ್ನ ಪಕ್ಕ. ಪಾಠ ಮುಗಿದು ಮ್ಯಾಡಮ್ "ಪ್ರಶ್ನೆಗಳಿವೆಯೇ?" ಎಂದಾಗ ಆಫೀಸಿನಲ್ಲಿ ಎಷ್ಟೋ ಜನರನ್ನು ಆಳುವ ಟೆಸ್ ಕೈಯೆತ್ತಿ, ಎದ್ದು ನಿಂತಳು.

"ಮ್ಯಾಡಮ್, ಆ ರೇಡಿಯೋದವನು ಆಮೇಲೆ ಒಂದು ಸಲವೂ ರೇಡಿಯೋ ಹಚ್ಚಲಿಲ್ವಾ?"

ಒಳ್ಳೆಯ ಪ್ರಶ್ನೆಗೆ ಸಿಗುವ ಆ ಖುಷಿ ಮ್ಯಾಡಮ್ಮಿನ ಮುಖದ ಮೇಲೆ ನಿಧಾನವಾಗಿ ಹರಡಿತು.

"ಒಂದೇ ಸಲ ಹಚ್ಚಿದ. ಮಗಳು ಹುಟ್ಟಿದ ದಿನ. ರಿಪೇರಿಗೆ ಬಂದಿದ್ದ ಎಲ್ಲಾ ರೇಡಿಯೋಗಳನ್ನೂ ಅಂಗಡಿಯ ಹೊರಗೆ ಸಾಲಾಗಿ ಇಟ್ಟು, ಎಲ್ಲವನ್ನೂ ಒಟ್ಟಿಗೆ ಹಚ್ಚಿದ. ಒಂದೊಂದರಲ್ಲಿ ಒಂದೊಂದು ಹಾಡು, ಒಂದರಲ್ಲಿ ಜಪ, ಒಂದರಲ್ಲಿ ಬಾಸ್ಕೆಟ್‌ಬಾಲ್ ಕಾಮೆಂಟರಿ. ಯಾವುದೂ ತಿಳೀತಿರಲಿಲ್ಲ. ಬೀದಿಯವರೆಲ್ಲ ಇವನಿಗೆ ಹುಚ್ಚು ಅಂದ್ಕೊಂಡರು."

ಟೆಸ್ ನಿಂತೇ ಇದ್ದಳು. ಮ್ಯಾಡಮ್ ಕೈಚಾಚಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನಗೆ ಕೇಳಿಸಬಾರದೆಂಬಂತೆ ಅವಳ ಕಿವಿಯತ್ತ ಬಾಗಿದರು.

"ಈ ಭಾಗ ಪುಸ್ತಕದಲ್ಲಿಲ್ಲ. ನಿನಗೆ ಮಾತ್ರ ಹೇಳ್ತಿದೀನಿ."