ವಾರಕ್ಕೊಬ್ಬನ ಅಂಗಿ

ಲೀಲಂಡ್ ಕೊಪೆಕಿಯನ್ನು ಅಮೆರಿಕನ್ ಫುಟ್‌ಬಾಲಿನ ದೊಡ್ಡ ತಂಡವೊಂದು ಹೊಸ ಆಟಗಾರರ ಆಯ್ಕೆಯ ಕೊನೆಯ, ಏಳನೇ ಸುತ್ತಿನಲ್ಲಿ ಆರಿಸಿಕೊಂಡಾಗ ನೆಬ್ರಾಸ್ಕದ ಅವನ ಊರಿನವರು ಪಟಾಕಿ ಹೊಡೆದಿದ್ದರು. ತಂಡದ ಚೆಂಡೆಸೆಯುವವನನ್ನು ಎದುರಾಳಿಗಳು ಕೆಡವದಂತೆ ಅವನ ಮುಂದೆ ಗೋಡೆಯ ಹಾಗೆ ನಿಲ್ಲುವ ಕೆಲಸ; ಆಸಾಮಿ ತೂಗುವುದೂ ಮುನ್ನೂರ ಹತ್ತು ಪೌಂಡು. ಆದರೆ ನಾಲ್ಕು ವರ್ಷದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಅವನ ಪಾಲಿಗೆ ಬಂದದ್ದು ಅಭ್ಯಾಸದ ಪಡೆ. ಮುಂದಿನ ಭಾನುವಾರದ ಎದುರಾಳಿಗಳ ಗೋಡೆಯಲ್ಲಿ ನಿಲ್ಲುವ ಒಬ್ಬನ ವಿಡಿಯೊ ನೋಡಿ, ಅವನ ನಂಬರಿನ ಅಂಗಿ ತೊಟ್ಟು, ಥೇಟ್ ಅವನಂತೆಯೇ ನಿಂತು, ತನ್ನ ತಂಡದವರಿಂದಲೇ ಗುದ್ದಿಸಿಕೊಳ್ಳಬೇಕು. ಇದಕ್ಕೆ ಆಟಗಾರ ಅಂತ ಹೆಸರು ಬೇರೆ. ಲೀಲಂಡ್ ಎಷ್ಟು ಪಳಗಿದ್ದನೆಂದರೆ, ಎಡಗಾಲು ಎಳೆಯುವವನ ಸರದಿ ಬಂದ ವಾರ ಊಟದ ಸಾಲಿನಲ್ಲೂ ಎಡಗಾಲು ಎಳೆಯುತ್ತಿದ್ದ.

"ನನ್ನೂ ಒಂದ್ಸಲ ಆಡ್ಸಿ ಕೋಚ್," ಎಂದರೆ ಪ್ರೂಯಿಟ್ ಬೆನ್ನು ತಟ್ಟುತ್ತಿದ್ದ.

"ನೀನು ಆಡೋಕ್ ಹೋದ್ರೆ ನಮ್ ಹುಡುಗ್ರು ಯಾರನ್ನ ಗುದ್ದಿ ಕಲೀಬೇಕೋ, ದಡಿಯ?"

ಐದನೇ ವರ್ಷ ತಂಡದ ಗೋಡೆಯ ಇಬ್ಬರು ಒಟ್ಟಿಗೇ ಮೊಣಕಾಲು ಮುರಿದುಕೊಂಡರು. ಬುಧವಾರ ಪ್ರೂಯಿಟ್ ತಂಡದ್ದೇ ಅಂಗಿಯೊಂದನ್ನು ಅವನತ್ತ ಎಸೆದ.

"ಭಾನುವಾರ ನೀನೇ. ಎಲ್ಲಿ, ನಿಲ್ಲು ನೋಡೋಣ."

ಲೀಲಂಡ್ ಬಗ್ಗಿ ಕೈ ನೆಲಕ್ಕೂರಿದ. ಬಲಗಾಲನ್ನು ಹಿಂದಿಟ್ಟ. ಅದು ಕಳೆದ ವಾರದವನ ಕಾಲು. ಎಡಗಾಲು ಹಿಂದಿಟ್ಟ. ಅದು ಅದಕ್ಕೂ ಹಿಂದಿನ ವಾರದವನದು.

"ಅವ್ರಿವ್ರ ಥರ ಬೇಡ ಮಾರಾಯ," ಪ್ರೂಯಿಟ್ ರೇಗಿದ. "ಕೊಪೆಕಿ ಥರ ನಿಲ್ಲು."

ಲೀಲಂಡ್ ಬಗ್ಗಿದಲ್ಲಿಂದಲೇ ಕತ್ತೆತ್ತಿದ.

"ಅವನದೊಂದು ವಿಡಿಯೊ ಸಿಗುತ್ತಾ, ಕೋಚ್?"