ಹುಳ ಜ್ವರಕ್ಕೆ ಕೂತ ಮನೆಯಲ್ಲಿ

ಅರವತ್ತರ ದಶಕದ ಮೊದಲಲ್ಲಿ, ಎರಡನೇ ಹೆರಿಗೆಯಾದ ಮೇಲೆ, ನನಗೆ ಅನ್ನ ಸೇರುತ್ತಿರಲಿಲ್ಲ, ಮಾತು ಬೇಡವಾಗಿತ್ತು. ಮಗು ಅತ್ತರೂ ಏಳುತ್ತಿರಲಿಲ್ಲ. ದೆವ್ವ ಹಿಡಿದಿದೆ ಎಂದು ಅತ್ತೆ ದಿಬ್ಬೂರಹಳ್ಳಿ ಕಡೆಯ ಮಂತ್ರವಾದಿಯೊಬ್ಬನನ್ನು ಶಿಡ್ಲಘಟ್ಟದ ನಮ್ಮ ಮನೆಗೆ ಕರೆಸಿದರು. ಅವನು ನನ್ನ ಜಡೆಯನ್ನು ಕೈಗೆ ಸುತ್ತಿಕೊಂಡು ಹಸಿ ಹುಣಸೆ ಬರಲಿನಿಂದ ಬಾರಿಸಿದ.

"ಯಾರೇ ನೀನು? ಬಾಯಿ ಬಿಡೇ!"

ಬೆನ್ನು ಸುಲಿದು ರವಿಕೆ ರಕ್ತಕ್ಕೆ ಅಂಟಿಕೊಂಡಿತು.

ನಡುಮನೆ ತುಂಬ ರೇಷ್ಮೆ ಹುಳುವಿನ ತಟ್ಟೆಗಳಿದ್ದವು. ಹುಳುಗಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ಸುಮ್ಮನಾಗುತ್ತವೆ. ಜ್ವರಕ್ಕೆ ಕೂತಿವೆ ಎನ್ನುತ್ತೇವೆ. ಆಗ ಅವುಗಳ ಹತ್ತಿರ ಜೋರಾಗಿ ಕೆಮ್ಮುವುದೂ ಇಲ್ಲ.

"ಮೆಲ್ಲಗಪ್ಪಾ, ತಟ್ಟೆ ಅಲ್ಲಾಡ್ತವೆ. ಹುಳ ಜ್ವರಕ್ಕೆ ಕೂತವೆ," ಎಂದರು ಅತ್ತೆ.

ನಾನು ಬರಲು ಕಿತ್ತುಕೊಂಡು ಅವನ ಮುಖಕ್ಕೇ ಬೀಸಿದೆ. ತುಟಿ ಸೀಳಿತು. ದೆವ್ವಕ್ಕೆ ರೋಷ ಬಂತೆಂದು ಕೂಗುತ್ತಾ ಓಡಿದ. ಹೆದರಿದ ನನ್ನ ಗಂಡ ನನ್ನನ್ನೂ ಅತ್ತೆಯನ್ನೂ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರು ನನ್ನ ಬೆನ್ನು ನೋಡಿ ಹಲ್ಲು ಕಚ್ಚಿದರು. "ದೆವ್ವ ಅಲ್ಲ ಕಣಮ್ಮ, ಇದು ಮನಸ್ಸಿನ ಕಾಯಿಲೆ. ಬೆಂಗಳೂರಿಗೆ ಬರೆದು ಕೊಡ್ತೀನಿ, ಅಲ್ಲಿ ಔಷಧಿ ಕೊಡ್ತಾರೆ."

"ಊಟ ಬಿಟ್ಟು ಸುಮ್ಮನೆ ಕೂರೋದೂ ಒಂದು ಕಾಯಿಲೇನಾ?" ಎಂದರು ಅತ್ತೆ.

ಎಷ್ಟೋ ದಿನಗಳ ಮೇಲೆ ನಾನು ಬಾಯಿ ಬಿಟ್ಟೆ.

"ಹುಳ ಸೊಪ್ಪು ಬಿಟ್ಟಾಗ ಅವುಕ್ಕೂ ಬರಲಲ್ಲಿ ಹೊಡೆಸಿದ್ರಾ, ಅತ್ತೆ?"