ಪತ್ರದ ವಿಳಾಸದಲ್ಲಿ ಬಳೆ ಅಂಗಡಿ

ಗದಗದ ಆ ವಿಳಾಸದಲ್ಲಿ ಕಚೇರಿ ಇರಲಿಲ್ಲ, ಬಳೆ ಅಂಗಡಿಯಿತ್ತು. ಕೈಯಲ್ಲಿದ್ದ ಪತ್ರವನ್ನೂ ಗೋಡೆಯ ಮೇಲಿನ ನಂಬರನ್ನೂ ಮತ್ತೆ ಮತ್ತೆ ನೋಡುತ್ತ ಬಾಗಿಲಲ್ಲೇ ನಿಂತೆ. ಅಂಗಡಿಯ ಹಿರಿಯ ಹೆಣ್ಣುಮಗಳು ನನ್ನನ್ನು ಒಳಗೆ ಕರೆದರು.

“ಕಾರ್ಡಿನ ಸಾಲ ಮನ್ನಾ ಆಗೇತಿ ಅನ್ನೋ ಪತ್ರ ಹೌದಿಲ್ರಿ? ಕುಂಡ್ರಿ ಅಕ್ಕಾರ, ಮೊದಲ ನೀರು ಕುಡೀರಿ. ನೀವು ನಾಕನೇದವ್ರು.”

ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಪೂರ್ತಿ ಮನ್ನಾ ಮಾಡಿಸುತ್ತೇವೆಂದು ಫೋನಿನಲ್ಲಿ ನಂಬಿಸಿದವರಿಗೆ ಶುಲ್ಕವೆಂದು ಒಂದು ತಿಂಗಳ ಸಂಬಳ ಕಳಿಸಿದ್ದೆ. ಪತ್ರ ಬಂತು, ಆಮೇಲೆ ಅವರ ಫೋನ್ ಬಂದ್ ಆಯಿತು. ಅದಕ್ಕೇ ಲಕ್ಷ್ಮೇಶ್ವರದಿಂದ ಬಸ್ಸು ಹತ್ತಿ ಬಂದಿದ್ದೆ. ಮೋಸ ಹೋದದ್ದು ಖಾತ್ರಿಯಾಗಿದ್ದರೂ, ನಾನು ಬಾಯಿ ಬಿಡುವ ಮೊದಲೇ ಇವರಿಗೆ ಹೇಗೆ ತಿಳಿಯಿತೆಂಬ ಕುತೂಹಲ ತಡೆಯಲಾಗದೆ ಕೇಳಿಯೇಬಿಟ್ಟೆ.

“ಬಳಿ ತೊಗೊಳ್ಳಾಕ ಬಂದವ್ರು ಬಳಿ ನೋಡ್ತಾರ್ರಿ. ನೀವು ಗ್ವಾಡಿ ನೋಡಿದ್ರಿ” ಎಂದರು. ಆಮೇಲೆ ಅಂಗಡಿ ಮುಚ್ಚಿ, ನನ್ನ ಜೊತೆ ಪೊಲೀಸ್ ಠಾಣೆಗೆ ಬಂದು, ದೂರು ಬರೆಸುವವರೆಗೂ ಪಕ್ಕದಲ್ಲೇ ಕುಳಿತರು.

ಹಣ ಇನ್ನೂ ಬಂದಿಲ್ಲ, ಕಾರ್ಡಿನ ಸಾಲವೂ ಹಾಗೇ ಇದೆ. ಮುಚ್ಚಿಟ್ಟಿದ್ದ ವಿಷಯವನ್ನು ಮನೆಗೆ ಬಂದವಳೇ ಗಂಡನಿಗೆ ಹೇಳಿ ಹಗುರಾದೆ. ಹಿಂದಿನ ಮೂವರಿಗಾಗಿಯೂ ಆ ಹಿರಿಯ ಹೆಣ್ಣುಮಗಳು ಹೀಗೇ ಅಂಗಡಿ ಮುಚ್ಚಿ ಹೋಗಿದ್ದರೇ ಎಂದು ಕೇಳುವುದನ್ನು ಮಾತ್ರ ಮರೆತೆ.